ವಾಲಿ ನಿಂತ ಮುದ್ರೆ

ನಮ್ಮ ಒಕಿನೊಹಾಮಾದಲ್ಲಿ ಕಾರು ಮಾಡುವವರು ಆರು ಸಾವಿರ ಜನ ಇದ್ದರು, ಆ ಕಾರುಗಳಿಗಾಗಿ ತಲೆ ಬಗ್ಗಿಸುವವರು ನಾಲ್ಕೇ ಜನ. ನಾಲ್ವರಲ್ಲಿ ಕುವಾನೊ ಶೋಹೆಯ್‌ನಷ್ಟು ಚೆನ್ನಾಗಿ ಬಗ್ಗುವವನು ಇನ್ನೊಬ್ಬನಿರಲಿಲ್ಲ. ಮಿನೊವಾ ಕಾರು ಕಂಪನಿಯ ದೂರು ವಿಭಾಗದಲ್ಲಿ ಅವನಿಗೆ ಕೆಲಸ. ಸಿಟ್ಟಾದ ಮಾಲೀಕರ ಮನೆಗೆ ಹೋಗಬೇಕು, ಬಾಗಿಲಲ್ಲೇ ಸೊಂಟ ಬಗ್ಗಿಸಿ ಕ್ಷಮೆ ಕೇಳಬೇಕು, ಬಟ್ಟೆಯಲ್ಲಿ ಗಂಟು ಕಟ್ಟಿ ತಂದ ತಗಡಿನ ಡಬ್ಬಿಯನ್ನು ಎರಡೂ ಕೈಯಿಂದ ಮುಂದಿಡಬೇಕು. ಡಬ್ಬಿಯ ಮೇಲೆ ಹಾರುವ ಕೊಕ್ಕರೆಯ ಚಿತ್ರ, ಒಳಗೆ ಸೋಯಾ ಸವರಿ ಸುಟ್ಟ ಅಕ್ಕಿ ಬಿಲ್ಲೆಗಳು. ಕಾರಿನ ವಿಷಯ ಏನಿದ್ದರೂ ಅದರ ನಂತರ.

ಬಾಗಿಲು ತೆರೆದವರ ಕಣ್ಣು ಮೊದಲು ಅವನ ಎಡಗೈಗೆ ಹೋಗುತ್ತಿತ್ತು. ಅಲ್ಲಿ ಕಿರುಬೆರಳಿರಲಿಲ್ಲ. ನಮ್ಮ ಕಡೆ ಗೂಂಡಾ ಗುಂಪಿನವರು ತಪ್ಪು ಮಾಡಿದರೆ ಕಿರುಬೆರಳು ಕತ್ತರಿಸಿ ತಮ್ಮ ನಾಯಕನಿಗೆ ಒಪ್ಪಿಸುತ್ತಾರೆ. ಅಂಥ ಕೈಯವನೊಬ್ಬ ಹೊಸ್ತಿಲಲ್ಲಿ ನಿಂತು ತಪ್ಪಾಯಿತು ಎಂದರೆ ಎಂಥ ಜಗಳಗಂಟನ ದನಿಯೂ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಕಂಪನಿಯವರು ಬೇಕೆಂದೇ ಇವನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದಾರೆ ಎಂದು ಜೊತೆಯವರು ಚುಡಾಯಿಸುತ್ತಿದ್ದರು. ಕುವಾನೊ ನಗುತ್ತಿದ್ದ. ಇಡೀ ಊರಿನಲ್ಲಿ ಅವನಿಗಿಂತ ಸಾಧುವಾದ ಪ್ರಾಣಿಯೆಂದರೆ ಮೀನು ಮಾರುಕಟ್ಟೆಯ ಮುದಿ ಬೆಕ್ಕೊಂದೇ.

ದೂರುಗಳೋ, ಒಂದೇ ಎರಡೇ! ಒಬ್ಬ ನಿವೃತ್ತ ಮೇಷ್ಟರು ತಮ್ಮ ಕಾರಿನ ನಲವತ್ತಮೂರು ದೋಷಗಳನ್ನು ಬರೆದು, ಒಂದೊಂದಕ್ಕೂ ಪರೀಕ್ಷೆಯ ಹಾಗೆ ಅಂಕ ಕೊಟ್ಟು, ಕೆಳಗೆ ‘ಅನುತ್ತೀರ್ಣ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಬಾಗಿಲು ಹಾಕಿದರೆ ಪಾತ್ರೆಯ ಮುಚ್ಚಳ ಬಿದ್ದ ಸದ್ದಾಗುತ್ತದೆ ಎಂದು ಒಬ್ಬ ದಂತವೈದ್ಯ ಬರೆದ. ಅದು ಸುಳ್ಳೇನಲ್ಲ, ಏಕೆಂದರೆ ಮಿನೊವಾದವರು ಒಂದು ಕಾಲಕ್ಕೆ ಪಾತ್ರೆಯನ್ನೇ ಮಾಡುತ್ತಿದ್ದರು. ಮೊದಲ ಮಿನೊವಾ ಯಜಮಾನ ಬಾವಿಯ ಕೈಪಂಪು ಎರಕ ಹೊಯ್ಯುತ್ತಿದ್ದವನು. ಯುದ್ಧದಲ್ಲಿ ಸೈನ್ಯ ಕೇಳಿದ್ದನ್ನು ಮಾಡಿದರು, ಯುದ್ಧ ಸೋತ ಮೇಲೆ ಉಳಿದ ಅಲ್ಯುಮಿನಿಯಂ ಚೂರುಗಳಲ್ಲಿ ಅನ್ನದ ಪಾತ್ರೆ ಮಾಡಿದರು. ಜನಕ್ಕೆ ಪಾತ್ರೆಯೊಳಗೆ ಅನ್ನವೂ ಸಿಗುವ ಕಾಲ ಬಂದಾಗ ಮೂರು ಗಾಲಿಯ ಗಾಡಿ ತಂದರು. ಅದು ತಿರುವಿನಲ್ಲಿ ಮಗುಚಿಕೊಳ್ಳುತ್ತಿತ್ತು, ಆದರೂ ಯಾರೂ ದೂರಲಿಲ್ಲ, ಎತ್ತಿ ನಿಲ್ಲಿಸಿ, ಬಿದ್ದ ಮೂಲಂಗಿ ತುಂಬಿಕೊಂಡು ಹೋಗುತ್ತಿದ್ದರು. ಆಮೇಲೆ ಬಂತು ನಾಲ್ಕು ಗಾಲಿಯ ಪುಟ್ಟ ಕಾರು ಮೆಜಿರೊ. ಕಣ್ಣಿನ ಸುತ್ತ ಬಿಳಿ ಬಳೆಯಿರುವ ಚಿಕ್ಕ ಹಕ್ಕಿಯ ಹೆಸರು ಅದಕ್ಕೆ, ದೀಪದ ಸುತ್ತಲೂ ಹಾಗೆಯೇ ಬಳೆಗಳಿದ್ದವು. ಕಾರು ಕೊಂಡ ಮೇಲೆ ಜನ ದೂರುವುದನ್ನೂ ಕಲಿತರು.

ಕುವಾನೊ ಹದಿನೈದನೆಯ ವಯಸ್ಸಿಗೆ ಪಂಪಿನ ಶೆಡ್ಡಿಗೆ ಸೇರಿದವನು. ಬೆರಳು ಹೋದದ್ದು ಮೂರು ಗಾಲಿ ಗಾಡಿಯ ಕಾಲದಲ್ಲಿ, ತಗಡು ಒತ್ತುವ ಯಂತ್ರದ ಬಾಯಲ್ಲಿ. ಕೆಲಸಗಾರನ ಅಜಾಗ್ರತೆ ಎಂದು ಬರೆದು ಮನೆಗೆ ಕಳಿಸಿಬಿಡುವುದು ಆಗಿನ ರೂಢಿ. ಆದರೆ ಆ ಶೆಡ್ಡಿನ ಮೇಲ್ವಿಚಾರಕರಾಗಿದ್ದ ಸೆಗಾವಾ ಎಂಬ ತರುಣರು ಹಾಗೆ ಮಾಡಲಿಲ್ಲ. ಯಂತ್ರಕ್ಕೆ ಇರಬೇಕಾದ ಕಬ್ಬಿಣದ ಮರೆ ಇರಲಿಲ್ಲ, ಕೆಲಸಗಾರನ ತಪ್ಪಲ್ಲ ಎಂದು ಬರೆದು ತಮ್ಮ ಮುದ್ರೆ ಒತ್ತಿದರು. ಇದರಿಂದ ಅವರ ಬಡ್ತಿ ಎರಡು ವರ್ಷ ತಡವಾಯಿತು. ಕುವಾನೊಗೆ ಕೆಲಸ ಉಳಿಯಿತು.

ಕೆಲಸ ಮಾತ್ರವಲ್ಲ, ಹೆಂಡತಿಯೂ ಸಿಕ್ಕಿದಳು. ಮಿತ್ಸುಎಯನ್ನು ನೋಡಲು ಹೋದಾಗ ಹುಡುಗಿಯ ಅಪ್ಪ ಕೈ ನೋಡಿದ ತಕ್ಷಣ ಚಹಾ ಬಟ್ಟಲು ಕೆಳಗಿಟ್ಟರು. ಮದುವೆಯ ಮಧ್ಯಸ್ಥರಾಗಿ ಬಂದಿದ್ದ ಸೆಗಾವಾ ಅವರು ಕೋಟಿನ ಒಳಜೇಬಿನಿಂದ ಅದೇ ಅಪಘಾತದ ಕಾಗದದ ಪ್ರತಿ ತೆಗೆದು, ಚಾಪೆಯ ಮೇಲೆ ಬಿಡಿಸಿ, ಅವರ ಕಡೆಗೆ ತಿರುಗಿಸಿ ಇಟ್ಟರು. ಅಪ್ಪ ಎರಡು ಸಲ ಓದಿ ಮತ್ತೆ ಬಟ್ಟಲು ಎತ್ತಿಕೊಂಡರು. ಆ ಪ್ರತಿಯನ್ನು ಮಿತ್ಸುಎ ಬಟ್ಟೆಯ ಪೆಟ್ಟಿಗೆಯ ತಳದಲ್ಲಿ ಮದುವೆಯ ಉಡುಪಿನ ಜೊತೆ ಇಟ್ಟುಕೊಂಡಳು. ಪ್ರತಿ ಹೊಸವರ್ಷಕ್ಕೂ ಗಂಡಹೆಂಡತಿ ಸೆಗಾವಾ ಅವರ ಮನೆಗೆ ಹೋಗಿ ನಮಸ್ಕರಿಸಿ ಬರುತ್ತಿದ್ದರು. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತನ್ನು ಕುವಾನೊಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈಗ ಮುದ್ರೆಯ ಸಂಗತಿ ಹೇಳಬೇಕು. ನಮ್ಮ ಕಚೇರಿಗಳಲ್ಲಿ ಕಾಗದಕ್ಕೆ ಯಾರೂ ಸಹಿ ಹಾಕುವುದಿಲ್ಲ, ಹೆಸರು ಕೆತ್ತಿದ ಬೆರಳುದ್ದದ ಮುದ್ರೆ ಒತ್ತುತ್ತಾರೆ. ಬರೆದವನ ಮುದ್ರೆ ಬಲತುದಿಯ ಚೌಕದಲ್ಲಿ, ಅವನ ಮೇಲಿನವರದು ಅದರ ಎಡಕ್ಕೆ, ಅವರ ಮೇಲಿನವರದು ಇನ್ನೂ ಎಡಕ್ಕೆ. ಕೆಳಗಿನವನು ತನ್ನ ಮುದ್ರೆಯನ್ನು ನೆಟ್ಟಗೆ ಒತ್ತಬಾರದು, ತುಸು ಎಡಕ್ಕೆ ವಾಲಿಸಬೇಕು, ಆಗ ಅದು ಮೇಲಿನವರಿಗೆ ತಲೆಬಾಗಿದ ಹಾಗೆ ಕಾಣುತ್ತದೆ. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಆದರೆ ಮರೆತವನನ್ನು ಯಾರೂ ಮರೆಯುವುದಿಲ್ಲ. ದೂರು ವಿಭಾಗಕ್ಕೆ ಬಂದ ಹದಿನೆಂಟು ವರ್ಷಗಳಲ್ಲಿ ಕುವಾನೊನ ಮುದ್ರೆ ಒಮ್ಮೆಯೂ ನೆಟ್ಟಗೆ ನಿಂತಿರಲಿಲ್ಲ. ಅದರ ಎಡಕ್ಕೆ ಈಗ ದೂರು ವಿಭಾಗದ ಮುಖ್ಯಸ್ಥರಾಗಿದ್ದ ಸೆಗಾವಾ ಅವರ ಮುದ್ರೆ, ಅದು ತನ್ನ ಎಡಕ್ಕಿದ್ದ ನಿರ್ದೇಶಕರ ಮುದ್ರೆಗೆ ವಾಲಿಕೊಂಡಿರುತ್ತಿತ್ತು.

೧೯೭೧ರ ವಸಂತದಲ್ಲಿ ನಕಾತಾನಿ ಎಂಬ ಬೆಟ್ಟದ ಹಳ್ಳಿಯಿಂದ ಅಂಚೆ ಕಾರ್ಡುಗಳು ಬರತೊಡಗಿದವು. ಬರೆದವಳು ಇವಾಸೆ ಫುಸಾ ಎಂಬ ಸೂಲಗಿತ್ತಿ. ಇಪ್ಪತ್ತು ವರ್ಷ ಸೈಕಲ್ ತುಳಿದು ಹೆರಿಗೆ ಮಾಡಿಸಿ, ಐವತ್ತೇಳನೆಯ ವಯಸ್ಸಿನಲ್ಲಿ ಕಾರು ಕಲಿತು, ಮೊಟ್ಟೆಯ ಹಳದಿ ಬಣ್ಣದ ಹೊಸ ಮೆಜಿರೊ ಕೊಂಡಿದ್ದಳು. ಕಾರ್ಡಿನಲ್ಲಿ ಬೈಗುಳವಿಲ್ಲ, ಗೋಳಿಲ್ಲ. ‘ಏಪ್ರಿಲ್ ಮೂರು. ಬೆಳಿಗ್ಗೆ ಆರೂವರೆ. ಮಂಜು. ಘಾಟಿಯಲ್ಲಿ ಕಾರು ನಿಂತಿತು. ಹನ್ನೊಂದು ನಿಮಿಷದ ನಂತರ ತಾನೇ ಹೊರಟಿತು. ಹೆಣ್ಣು ಮಗು, ಮೂರು ಕಿಲೊ.’ ಇನ್ನೊಂದರಲ್ಲಿ ಒಂಬತ್ತು ನಿಮಿಷ, ಗಂಡು ಮಗು. ಮತ್ತೊಂದರಲ್ಲಿ ಹದಿನಾಲ್ಕು ನಿಮಿಷ, ಅವಳಿ ಜವಳಿ. ಮೂರು ಸಲ ಕಾರನ್ನು ಮಾರಾಟದ ಅಂಗಡಿಗೆ ಒಯ್ದಿದ್ದಳು, ಮೂರು ಸಲವೂ ಅಲ್ಲಿ ಅದು ಶಾಲೆಗೆ ಇನ್‌ಸ್ಪೆಕ್ಟರ್ ಬಂದ ದಿನದ ಮಕ್ಕಳಂತೆ ನಡೆದುಕೊಂಡಿತ್ತು. ಹೆಂಗಸು, ವಯಸ್ಸೂ ಆಗಿದೆ, ಓಡಿಸಲು ಬರುವುದಿಲ್ಲ ಎಂದು ಅಂಗಡಿಯವರು ಷರಾ ಬರೆದು ಕಳಿಸಿದ್ದರು.

ಕುವಾನೊ ಡಬ್ಬಿ ಹಿಡಿದು ಹೋದ. ಫುಸಾ ಬಾಗಿಲಲ್ಲೇ ಅವನ ಕೈ ನೋಡಿದಳು, ಆದರೆ ಹೆದರಲಿಲ್ಲ. ಯಂತ್ರವೋ ಎಂದು ಕೇಳಿದಳು. ಹೌದು, ತಗಡು ಒತ್ತುವ ಯಂತ್ರ ಎಂದ. ಹೊಲಿಗೆ ಚೆನ್ನಾಗಿ ಹಾಕಿದ್ದಾರೆ ಎಂದು ಮೆಚ್ಚಿ, ಡಬ್ಬಿಯನ್ನು ದೇವರ ಮುಂದಿಟ್ಟು, ಬನ್ನಿ ಎಂದು ಅವನನ್ನು ಕಾರಿಗೆ ಹತ್ತಿಸಿದಳು. ಮೊದಲ ಸಲ ಒಬ್ಬರು ತನ್ನ ಕೈಯನ್ನು ಬರೀ ಕೈಯಾಗಿ ನೋಡಿದರಲ್ಲ ಎಂದು ಕುವಾನೊಗೆ ಎದೆ ಹಗುರಾಯಿತು.

ಹೊತ್ತು ಬೆಳಗಿನ ಏಳು ಗಂಟೆ. ಘಾಟಿಯ ತುಂಬ ತಣ್ಣನೆಯ ಒದ್ದೆ ಮಂಜು. ಆಕೆ ಓಡಿಸುವುದನ್ನು ಕಂಡು ಅಂಗಡಿಯವನ ಷರಾ ಎಂಥ ಬೊಗಳೆ ಎಂಬುದು ಎರಡೇ ತಿರುವಿಗೆ ಅವನಿಗೆ ತಿಳಿಯಿತು. ಐದನೆಯ ತಿರುವಿನಲ್ಲಿ ಎಂಜಿನ್ನು ಕೆಮ್ಮಿತು, ಉಸಿರು ಕಟ್ಟಿತು, ನಿಂತಿತು. ಫುಸಾ ಕೈಬ್ರೇಕು ಎಳೆದು ಗಡಿಯಾರ ನೋಡಿದಳು. ಕುವಾನೊ ಇಳಿದು ಬಾನೆಟ್ಟು ಎತ್ತಿ, ಗಾಳಿ ಸೋಸುವ ಡಬ್ಬಿಯ ಮುಚ್ಚಳ ಬಿಚ್ಚಿ ಕಾರ್ಬ್ಯುರೇಟರಿನ ಗಂಟಲೊಳಗೆ ಬಗ್ಗಿ ನೋಡಿದ. ಒಳಗೆ ಸುತ್ತಲೂ ಉಪ್ಪು ಮೆತ್ತಿದ ಹಾಗೆ ಬೆಳ್ಳನೆಯ ಮಂಜುಗಡ್ಡೆ. ಬೆರಳಿಂದ ಮುಟ್ಟಿದ, ಬೆರಳ ತುದಿ ಮರಗಟ್ಟಿತು. ಒದ್ದೆ ಗಾಳಿ ಪೆಟ್ರೋಲಿನ ಜೊತೆ ಸೇರಿ ತಣಿದು ಅಲ್ಲೇ ಹೆಪ್ಪುಗಟ್ಟಿ ಎಂಜಿನ್ನಿನ ಉಸಿರು ಮುಚ್ಚಿತ್ತು. ಫುಸಾಳನ್ನೂ ಕರೆದು ತೋರಿಸಿದ. ಇಬ್ಬರೂ ಬಗ್ಗಿ ನೋಡುತ್ತಿದ್ದಂತೆ ಕೆಳಗಿನ ಎಂಜಿನ್ನಿನ ಕಾವಿಗೆ ಅದು ಹನಿಹನಿಯಾಗಿ ಕರಗಿ ಒಳಗೆ ಇಳಿದುಹೋಯಿತು. ಹತ್ತು ನಿಮಿಷಕ್ಕೆ ಕಾರು ಏನೂ ಆಗದ ಹಾಗೆ ಹೊರಟಿತು.

ಕುವಾನೊಗೆ ಕಾರಣವೂ ಹೊಳೆಯಿತು. ಮೊದಲ ಮೆಜಿರೊಗಳಲ್ಲಿ ಎಂಜಿನ್ನಿನ ಬಿಸಿ ಗಾಳಿಯನ್ನು ಕಾರ್ಬ್ಯುರೇಟರಿಗೆ ತಲುಪಿಸುವ ಒಂದು ಕೊಳವೆ ಇತ್ತು. ಕಳೆದ ವರ್ಷ ಕಾರಿಗೆ ಚೆಂದ ಬರಲೆಂದು ಬಾನೆಟ್ಟನ್ನು ಎರಡು ಬೆರಳು ತಗ್ಗಿಸಿದಾಗ ಜಾಗ ಸಾಲದೆ ಆ ಕೊಳವೆಯನ್ನು ಬಿಟ್ಟಿದ್ದರು. ಕಾರ್ಖಾನೆಯವರು ಹೊಸ ಕಾರನ್ನು ಒಣ ಬಿಸಿಲಿನ ಕಡಲತೀರದಲ್ಲಿ ಓಡಿಸಿ ನೋಡಿದ್ದರು, ಉತ್ತರದ ಒಣ ಹಿಮದಲ್ಲೂ ಓಡಿಸಿ ನೋಡಿದ್ದರು. ಒದ್ದೆ ಮಂಜಿನ ಘಾಟಿ ಯಾರ ನೆನಪಿಗೂ ಬಂದಿರಲಿಲ್ಲ. ಕಂಡದ್ದನ್ನು ಹಾಗೇ ಬರೆಯುತ್ತೇನೆ ಎಂದು ಅವನು ಫುಸಾಗೆ ಮಾತು ಕೊಟ್ಟ.

ಮಾತು ಕೊಡುವುದು ಸುಲಭ. ಸೆಗಾವಾ ಅವರು ಅವನು ಹೇಳಿದ್ದನ್ನೆಲ್ಲ ಕನ್ನಡಕ ತೆಗೆದಿಟ್ಟು ಕೇಳಿದರು. ದೋಷವಿದೆ ಎಂದು ಕಾಗದದಲ್ಲಿ ಬಂದರೆ ಈಗಿನ ಹೊಸ ಕಾನೂನಿನಂತೆ ಸರ್ಕಾರಕ್ಕೆ ತಿಳಿಸಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು, ನಲವತ್ತು ಸಾವಿರ ಕಾರುಗಳನ್ನು ವಾಪಸು ಕರೆಸಿ ರಿಪೇರಿ ಮಾಡಬೇಕು. ಬಾನೆಟ್ಟಿನ ನಕ್ಷೆಯೋ ದೊಡ್ಡ ಯಜಮಾನರ ಮಗ ಸ್ವತಃ ಆರಿಸಿದ್ದು.

"ಆ ಐಸು ಎಲ್ಲಿದೆ?" ಎಂದು ಮೆಲ್ಲಗೆ ಕೇಳಿದರು.

"ಕರಗಿಹೋಯ್ತು."

"ಹಾಗಾದ್ರೆ ನಮ್ಮ ಕೈಲಿರೋದು ಬರೀ ನೀರು, ಕುವಾನೊ ಸಾನ್."

ಕೈಕೆಳಗಿನವನನ್ನೂ ಗೌರವದ ‘ಸಾನ್’ ಸೇರಿಸಿ ಕರೆದ ಅವರ ದನಿಯಲ್ಲಿ ಗದರಿಕೆಯಿರಲಿಲ್ಲ, ಅದೇ ಕುವಾನೊಗೆ ಕಷ್ಟವಾದದ್ದು. ಗದರಿದ್ದರೆ ಎದುರಾಡಬಹುದಿತ್ತೇನೋ. ತನಗಾಗಿ ಎರಡು ವರ್ಷದ ಬಡ್ತಿ ಬಿಟ್ಟವರು, ಮದುವೆಯ ಮಾತುಕತೆಯಲ್ಲಿ ತನ್ನನ್ನು ಗೂಂಡಾ ಎಂದು ಹೆಣ್ಣಿನ ಕಡೆಯವರು ಅಂಜಿದಾಗ ಪಕ್ಕದಲ್ಲಿ ಕೂತವರು. ಅವನು ‘ಪರೀಕ್ಷೆಯಲ್ಲಿ ದೋಷ ಮರುಕಳಿಸಲಿಲ್ಲ’ ಎಂದು ಬರೆದ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿನ ಮಾತು ಅದು. ಮುದ್ರೆ ಒತ್ತಿದ. ಅದು ಎಂದಿನಂತೆ ಎಡಕ್ಕೆ ವಾಲಿತು.

ಹಾಗೆಂದು ಹೇಳಿ ಬರಲು ಇನ್ನೊಂದು ಡಬ್ಬಿ ಹಿಡಿದು ಅವನೇ ಹೋಗಬೇಕಾಯಿತು, ಕೆಲಸ ಅದೇ ತಾನೆ. ಫುಸಾ ಚಹಾ ಕೊಟ್ಟಳು. ಅವನು ಚಾಪೆಗೆ ಹಣೆ ತಾಗುವಷ್ಟು ಬಗ್ಗಿ ಕಚೇರಿಯ ಮಾತನ್ನು ಒಪ್ಪಿಸಿದ. ಆಕೆ ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ ಡಬ್ಬಿಯನ್ನು ಎರಡೂ ಕೈಯಿಂದ ವಾಪಸು ಅವನ ಮುಂದೆ ಸರಿಸಿದಳು.

"ತಲೆ ಎತ್ತಿ. ಆವತ್ತು ಬಾನೆಟ್ಟೊಳಗೆ ನೀವು ಏನು ನೋಡಿದ್ರಿ?"

ಅವನು ತಲೆ ಎತ್ತಲಿಲ್ಲ. ಚಾಪೆಯ ಹೆಣಿಗೆಯನ್ನೇ ನೋಡುತ್ತಿದ್ದ.

"ಅಂಗಡಿಯವರು ನಂಬದಿದ್ರೆ ಬೇಜಾರಿಲ್ಲ, ಅವ್ರು ನೋಡಿಲ್ಲ. ನೀವು ಕೈಯಿಟ್ಟು ಮುಟ್ಟಿದವರು. ನೀವೂ ಇಲ್ಲ ಅಂದ್ರೆ, ನನಗೇ ವಯಸ್ಸಾಗಿ ಕಣ್ಣುಮನಸ್ಸು ಕೆಟ್ಟಿದೆ ಅಂತ ನಾನು ಒಪ್ಪಿಕೋಬೇಕಾಗತ್ತೆ. ಅಂಥವಳ ಕೈಗೆ ಜನ ಮಕ್ಕಳನ್ನ ಹೇಗೆ ಒಪ್ಪಿಸ್ತಾರೆ?"

ಡಬ್ಬಿ ಅವನ ಜೊತೆ ಬಸ್ಸಿನಲ್ಲಿ ವಾಪಸು ಬಂತು. ಮಿತ್ಸುಎ ಅದನ್ನು ಕಪಾಟಿನ ಮೇಲೆ ಇಟ್ಟಳು. ಹದಿನೆಂಟು ವರ್ಷದಲ್ಲಿ ಹಾಗೆ ವಾಪಸು ಬಂದ ಡಬ್ಬಿ ಅದೊಂದೇ.

ಬೇಸಿಗೆಯಲ್ಲಿ ಕಾರ್ಡು ಬರಲಿಲ್ಲ, ಬೇಸಿಗೆಯಲ್ಲಿ ಕಾರು ನಿಲ್ಲುವುದೂ ಇಲ್ಲವಲ್ಲ. ಅಕ್ಟೋಬರಿನಿಂದ ಮತ್ತೆ ಶುರುವಾಯಿತು. ಈ ಸಲ ವಿಳಾಸದಲ್ಲಿ ಕಂಪನಿಯ ಹೆಸರಿರಲಿಲ್ಲ, ‘ಕುವಾನೊ ಶೋಹೆಯ್ ಅವರಿಗೆ’ ಎಂದಷ್ಟೇ ಇತ್ತು. ನವೆಂಬರಿನಲ್ಲಿ ಬಂದದ್ದು ಹೀಗಿತ್ತು: ‘ನವೆಂಬರ್ ಒಂಬತ್ತು. ಮಂಜು. ಘಾಟಿಯ ನೆತ್ತಿಯಲ್ಲಿ ನಿಂತಿತು. ಇಪ್ಪತ್ತೆರಡು ನಿಮಿಷ. ಕಾರು ಬಿಟ್ಟು ಇಳಿದು ಓಡಿದೆ. ನಾನು ಮುಟ್ಟುವ ಮೊದಲೇ ಗಂಡು ಮಗು ಹುಟ್ಟಿತ್ತು. ಕೊರಳಿಗೆ ಹೊಕ್ಕಳ ಬಳ್ಳಿ ಸುತ್ತಿತ್ತು. ಅಜ್ಜಿ ಬಿಡಿಸಿದ್ದಳು. ತುಂಬ ಹೊತ್ತು ಅಳಲಿಲ್ಲ. ಆಮೇಲೆ ಅತ್ತಿತು. ಎರಡೂಮುಕ್ಕಾಲು ಕಿಲೊ.’

‘ತುಂಬ ಹೊತ್ತು ಅಳಲಿಲ್ಲ’ ಎಂಬಲ್ಲಿಗೆ ಬಂದು ಕುವಾನೊ ಓದುವುದನ್ನು ನಿಲ್ಲಿಸಿದ. ಮುಂದಿನ ಸಾಲು ಕಣ್ಣಿಗೆ ಬೀಳುತ್ತಿದ್ದರೂ ಓದಲು ಧೈರ್ಯ ಬರಲಿಲ್ಲ. ಓದಿದ ಮೇಲೆ ಕಚೇರಿಯ ಹಿಂದಿನ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಆ ಭಾನುವಾರ ಬೆಳಿಗ್ಗೆ ಅವನು ಕಪಾಟಿನ ಮೇಲಿನ ಡಬ್ಬಿ ಇಳಿಸಿ, ಅಕ್ಕಿ ಬಿಲ್ಲೆಗಳನ್ನು ತಟ್ಟೆಗೆ ಸುರಿದು, ಡಬ್ಬಿಯನ್ನು ಕತ್ತರಿಸತೊಡಗಿದ. ತಗಡಿನ ಕೆಲಸ ಅವನ ಕೈ ಮರೆತಿರಲಿಲ್ಲ. ಎಂಜಿನ್ನಿನ ಕಾವಿಗೆ ಬೆಸುಗೆ ಕರಗುತ್ತದೆಂದು ಅಂಚುಗಳನ್ನು ಮಡಚಿ ರಿವಿಟ್ ಹೊಡೆದ, ಮೊಣಕೈಯಂತೆ ಬಾಗಿದ ಕೊಳವೆ ಮಾಡಿದ, ತಗ್ಗಿದ ಬಾನೆಟ್ಟಿನ ಕೆಳಗೆ ಹಿಡಿಸುವಂತೆ ಒಂದು ಕಡೆ ಚಪ್ಪಟೆ ಮಾಡಿದ. ಮಿತ್ಸುಎ ಒಲೆಯ ಹತ್ತಿರದಿಂದ ನೋಡುತ್ತ ಬಿಲ್ಲೆ ತಿನ್ನುತ್ತಿದ್ದಳು. ಮೆತ್ತಗಾಗಿವೆ ಎಂದಳು. ಅವನಿಗೆ ಕೇಳಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಕಾತಾನಿಯಲ್ಲಿದ್ದ. ಫುಸಾಳ ಅಂಗಳದಲ್ಲಿ ಕೋಟು ಬಿಚ್ಚಿ, ಕೊಳವೆಯ ಒಂದು ತುದಿಯನ್ನು ಬಿಸಿ ಹೊಗೆನಳಿಗೆಯ ಪಕ್ಕಕ್ಕೆ, ಇನ್ನೊಂದನ್ನು ಗಾಳಿ ಡಬ್ಬಿಯ ಬಾಯಿಗೆ ಕೂರಿಸಿದ. ಜೂನ್ ಬಂದ ಮೇಲೆ ಇದನ್ನು ಹೀಗೆ ತಿರುಗಿಸಿಡಿ, ಅಕ್ಟೋಬರಿಗೆ ಮತ್ತೆ ಹೀಗೆ ಎಂದು ತೋರಿಸಿಕೊಟ್ಟ. ಬಾನೆಟ್ಟಿನೊಳಗೆ ಎಣ್ಣೆಮಸಿಯ ನಡುವೆ ಕೊಕ್ಕರೆಯ ಒಂದು ರೆಕ್ಕೆ ಮತ್ತು ಕಾಲು ಕಾಣುತ್ತಿದ್ದವು. ಫುಸಾ ಅದನ್ನು ನೋಡಿ ಮೊದಲ ಸಲ ನಕ್ಕಳು. ಆಮೇಲೆ ಕೈ ತೊಳೆಯಲು ಅವನಿಗೆ ಬಿಸಿನೀರು ಹೊಯ್ಯುತ್ತ, ದಾಕ್ಷಿಣ್ಯವಿಲ್ಲದೆ ಕೇಳಿದಳು:

"ಕಾರಲ್ಲಿ ದೋಷ ಇಲ್ಲ ಅಂದ್ರಲ್ಲ. ಮತ್ತೆ ಈ ಕೊಳವೆ ಯಾಕೆ?"

ಅವನು ಕೈ ಉಜ್ಜುತ್ತಲೇ ಇದ್ದ.

"ನನ್ನದು ಸರಿಹೋಯ್ತು, ನಿಮ್ಮ ಪುಣ್ಯ. ಇಂಥ ಘಾಟಿ ದೇಶದಲ್ಲಿ ಇದೊಂದೇನಾ? ಅಲ್ಲೆಲ್ಲ ನೀವು ಎಷ್ಟು ಡಬ್ಬಿ ಕತ್ತರಿಸ್ತೀರ?"

ನಲವತ್ತು ಸಾವಿರ ಎಂಬ ಅಂಕಿ ಅವನ ಬಾಯಿಯವರೆಗೆ ಬಂತು. ನುಂಗಿಕೊಂಡು ಬಸ್ಸು ಹತ್ತಿದ. ಸೆಗಾವಾ ಅವರು ಹಾಕಿದ ಅನ್ನ, ಅವರು ಹೂಡಿಕೊಟ್ಟ ಸಂಸಾರ ಒಂದು ಕಡೆ, ತುಂಬ ಹೊತ್ತು ಅಳದೆ ಮಲಗಿದ್ದ ಎರಡೂಮುಕ್ಕಾಲು ಕಿಲೊ ಇನ್ನೊಂದು ಕಡೆ. ತಕ್ಕಡಿ ಯಾವ ಕಡೆಗೂ ನಿಲ್ಲಲಿಲ್ಲ.

ಮರುದಿನ ಬೆಳಗಿನ ಊಟಕ್ಕೆ ಕೂತಾಗ ಎಲ್ಲವನ್ನೂ ಹೆಂಡತಿಗೆ ಹೇಳಿದ. ಮಿತ್ಸುಎ ಮಿಸೊ ಸಾರು ಬಡಿಸಿ, ಎದ್ದುಹೋಗಿ, ಬಟ್ಟೆಪೆಟ್ಟಿಗೆಯ ತಳದಿಂದ ಆ ಹಳೆಯ ಕಾಗದ ತಂದು ಬಟ್ಟಲಿನ ಪಕ್ಕದಲ್ಲಿ ಇಟ್ಟಳು. ಮಡಿಕೆಯ ಗೆರೆಯಲ್ಲಿ ಅದು ಹರಿಯುವಂತಾಗಿತ್ತು.

"ರೀ, ಇದನ್ನ ಓದಿ ತಾನೆ ನಮ್ಮಪ್ಪ ಒಪ್ಪಿದ್ದು? ಇದರಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿತ್ತು, ಅದಕ್ಕೆ. ಸೆಗಾವಾ ಸಾನ್ ನಮ್ಮಿಬ್ಬರನ್ನ ಜೋಡಿ ಮಾಡಿದ್ರು. ಅದಕ್ಕೆ ಬದಲಾಗಿ ಕಂಡದ್ದಕ್ಕೆ ಕಣ್ಣು ಮುಚ್ಚಿಕೊಳ್ಳಿ ಅಂತ ಕೇಳಿರಲಿಲ್ಲ."

"ಅವರಿಗೆ ನೋವಾಗತ್ತೆ."

"ಆಗತ್ತೆ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಒದ್ದರೆ ಒದೆಸಿಕೊಂಡು ಬನ್ನಿ, ಎಣ್ಣೆ ಹಚ್ಚೋಕೆ ನಾನಿದೀನಿ. ಸಾರು ಆರತ್ತೆ, ಕುಡೀರಿ."

ಕುವಾನೊ ಕಚೇರಿಯಲ್ಲಿ ಹೊಸ ಕಾಗದ ತೆಗೆದುಕೊಂಡು ಬರೆದ. ಯಾವ ದಿನ, ಎಷ್ಟು ಗಂಟೆ, ಎಂಥ ಮಂಜು, ಯಾವ ತಿರುವು. ‘ಕಾರ್ಬ್ಯುರೇಟರಿನ ಒಳಗೆ ಮಂಜುಗಡ್ಡೆಯನ್ನು ನಾನು ಕಣ್ಣಾರೆ ಕಂಡೆ, ಬಲಗೈಯ ತೋರುಬೆರಳಿಂದ ಮುಟ್ಟಿದೆ.’ ಬಿಸಿ ಗಾಳಿಯ ಕೊಳವೆ ಹಾಕಿದ ಮೇಲೆ ಏನಾಯಿತೆಂದು ತಿಳಿಯಲು ಒಂದು ವಾರ ಕಾದ. ‘ಮಂಜು. ನಿಲ್ಲಲಿಲ್ಲ. ಹೆಣ್ಣು ಮಗು’ ಎಂಬ ಕಾರ್ಡು ಬಂದ ಮೇಲೆ ಅದನ್ನೂ ಅಂಟಿಸಿದ. ಮೊದಲು ಬರೆದದ್ದು ಸರಿಯಲ್ಲ, ಆ ತಪ್ಪು ನನ್ನದು ಎಂದು ಮುಗಿಸಿದ. ಮುದ್ರೆಗೆ ಕೆಂಪು ಶಾಯಿ ಹಚ್ಚಿ ತನ್ನ ಚೌಕದ ಮೇಲೆ ಹಿಡಿದಾಗ ಕೈ ಅಭ್ಯಾಸದಂತೆ ಎಡಕ್ಕೆ ತಿರುಗಿತು. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಹಿಡಿದು ನೇರ ಮಾಡಿಕೊಂಡು ಒತ್ತಿದ.

ಸೆಗಾವಾ ಅವರು ಕಾಗದವನ್ನು ಓದಿ ಮುಗಿಸಿ, ಬಹಳ ಹೊತ್ತು ಬಲತುದಿಯ ಮುದ್ರೆಯನ್ನೇ ನೋಡಿದರು.

"ಕೈ ಜಾರಿತಾ?"

"ಇಲ್ಲ."

"ಮೊದಲಿನ ಕಾಗದದಲ್ಲಿ ನನ್ನ ಮುದ್ರೆನೂ ಇದೆ. ಇದು ಮೇಲೆ ಹೋದ್ರೆ ನಿಮ್ಮ ಜೊತೆ ನನ್ನ ಕುರ್ಚಿನೂ ಹೋಗತ್ತೆ, ಗೊತ್ತಲ್ಲ."

ಗೊತ್ತು ಎಂದ ಕುವಾನೊ. ಅವನ ಕಣ್ಣಿನಲ್ಲಿ ನೀರು ತುಂಬಿತ್ತು, ಅದನ್ನು ಮುಚ್ಚಿಡಲು ಅವನು ಬಗ್ಗಲಿಲ್ಲ. ಒಳಜೇಬಿನಿಂದ ಹಳೆಯ ಕಾಗದ ತೆಗೆದು, ಮೇಜಿನ ಮೇಲೆ ಬಿಡಿಸಿ, ಅವರ ಕಡೆಗೆ ತಿರುಗಿಸಿ ಇಟ್ಟ.

"ಇದನ್ನ ಬರೆದವರ ಕೈಕೆಳಗೆ ನಾನು ಕೆಲಸ ಕಲಿತದ್ದು, ಸೆಗಾವಾ ಸಾನ್."

ಸೆಗಾವಾ ಅವರು ತಮ್ಮ ಹರೆಯದ ಅಕ್ಷರವನ್ನು ಗುರುತು ಹಿಡಿದರು. ಮರೆ ಇರಲಿಲ್ಲ, ಕೆಲಸಗಾರನ ತಪ್ಪಲ್ಲ. ಕೆಳಗೆ ಅವರದೇ ಮುದ್ರೆ, ಕಂಬದ ಹಾಗೆ ನೆಟ್ಟಗೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಮೇಜಿನ ಡ್ರಾಯರಿನಿಂದ ಮುದ್ರೆ ತೆಗೆದು, ಶಾಯಿ ಹಚ್ಚಿ, ಹೊಸ ಕಾಗದದ ಮೇಲೆ ಒತ್ತಿ, ಅದನ್ನು ಕುವಾನೊನ ಕಡೆ ಸರಿಸಿದರು. ನಿರ್ದೇಶಕರ ಕಡೆಗೆ ವಾಲಬೇಕಾಗಿದ್ದ ಆ ಮುದ್ರೆ ಬಲಕ್ಕೆ ವಾಲಿತ್ತು, ಕುವಾನೊನ ಮುದ್ರೆಯ ಕಡೆಗೆ.

ಮಾರ್ಚಿನಲ್ಲಿ ಪತ್ರಿಕೆಗಳಲ್ಲಿ ಪ್ರಕಟಣೆ ಬಂತು. ನಲವತ್ತು ಸಾವಿರ ಮೆಜಿರೊಗಳಿಗೆ ಕೊಳವೆ ಹಾಕಿಸಿದರು, ಹೊಸ ಕಾರುಗಳ ಬಾನೆಟ್ಟು ಎರಡು ಬೆರಳು ಮೇಲೇರಿತು. ಪ್ರಕಟಣೆ ಕಂಡ ಮೇಲೆ ಎಷ್ಟೋ ಘಾಟಿಗಳಿಂದ ಕಾಗದಗಳು ಬಂದವು, ಹಾಲಿನವರು, ಅಂಚೆಯವರು, ಒಬ್ಬ ಬೌದ್ಧ ಸನ್ಯಾಸಿ. ಎಲ್ಲರೂ ತಮ್ಮ ಓಡಿಸುವಿಕೆಯೇ ಸರಿಯಿಲ್ಲವೆಂದುಕೊಂಡು ಸುಮ್ಮನಿದ್ದವರು. ಸೆಗಾವಾ ಅವರನ್ನು ಪಕ್ಕದೂರಿನ ಬೋಲ್ಟು ನಟ್ಟಿನ ಚಿಕ್ಕ ಕಾರ್ಖಾನೆಗೆ ಕಳಿಸಿದರು, ಕುವಾನೊನನ್ನು ಬಿಡಿಭಾಗಗಳ ಉಗ್ರಾಣಕ್ಕೆ. ಅಲ್ಲಿ ಅವನು ಕೊಳವೆಗಳನ್ನು ಅಳತೆಯ ಪ್ರಕಾರ ಜೋಡಿಸಿಡುತ್ತ ಸುಖವಾಗಿಯೇ ಇದ್ದ. ಯಾರಿಗೂ ಬಗ್ಗಬೇಕಾಗಿಲ್ಲದ ಕಾರಣ ಸೊಂಟನೋವೂ ಹೋಯಿತು ಎಂದು ಹೇಳಿಕೊಳ್ಳುತ್ತಿದ್ದ. ಹೊಸವರ್ಷಕ್ಕೆ ಗಂಡಹೆಂಡತಿ ಸೆಗಾವಾ ಅವರ ಮನೆಗೆ ಹೋಗುವುದು ನಿಲ್ಲಲಿಲ್ಲ, ಅವರು ಬಾಗಿಲವರೆಗೆ ಬಂದು ಕರೆದುಕೊಳ್ಳುವುದೂ ನಿಲ್ಲಲಿಲ್ಲ.

ಆ ವರ್ಷದ ಏಪ್ರಿಲಿನಲ್ಲಿ ಒಂದು ರಜೆಯ ದಿನ ಅವನು ನಕಾತಾನಿಗೆ ಹೋದ. ಕಂಪನಿ ಕಳಿಸಿರಲಿಲ್ಲ. ಆದರೂ ಬರಿಗೈಯಲ್ಲಿ ಹೋಗುವುದು ಹೇಗೆಂದು ಕೊಕ್ಕರೆ ಡಬ್ಬಿ ಕೊಂಡೇ ಹೋಗಿದ್ದ. ಅಂಗಳದಲ್ಲಿ ಹಳದಿ ಕಾರು ನಿಂತಿತ್ತು. ಅಂಗಡಿಯವರು ಹೊಸ ಕೊಳವೆ ಹಾಕಲು ಬಂದಾಗ ಫುಸಾ ಅವರನ್ನು ಮುಟ್ಟಗೊಟ್ಟಿರಲಿಲ್ಲ, ಹೊಸದನ್ನು ಈಸಿಕೊಂಡು ಅಟ್ಟಕ್ಕೆ ಹಾಕಿದ್ದಳು. ಕುವಾನೊ ಚಾಪೆಯ ಮೇಲೆ ಮಂಡಿಯೂರಿ ಕೈ ಮುಂದೆ ಚಾಚಿ ಇನ್ನೇನು ಬಗ್ಗಬೇಕು, ಆಕೆ ಕೈಯೆತ್ತಿ ತಡೆದಳು.

"ಅದಿರಲಿ. ನಾನು ಕೇಳಿದ್ದಕ್ಕೆ ನೀವಿನ್ನೂ ಉತ್ತರ ಹೇಳಿಲ್ಲ."

ಪತ್ರಿಕೆಯಲ್ಲಿ ಬಂದಿದೆಯಲ್ಲ ಎಂದ ಅವನು.

"ಪತ್ರಿಕೆ ಓದೋಕೆ ನನಗೂ ಬರತ್ತೆ. ಅದರಲ್ಲಿ ಕಂಪನಿ ಹೇಳಿದೆ. ನಾನು ಕೇಳಿದ್ದು ನಿಮ್ಮನ್ನ. ಆವತ್ತು ಏನು ನೋಡಿದ್ರಿ?"

ಕುವಾನೊ ಈ ಸಲ ಚಾಪೆ ನೋಡಲಿಲ್ಲ. ಆಕೆಯ ಮುಖವನ್ನೇ ನೋಡಿದ. ನೂರಾರು ಮಕ್ಕಳು ಮೊದಲು ಕಂಡ ಮುಖ ಅದು.

"ಐಸು. ಬೆಳ್ಳಗಿತ್ತು. ಈ ಬೆರಳಲ್ಲಿ ಮುಟ್ಟಿದೆ, ಕೊರೀತಿತ್ತು. ನೀವು ಹೇಳಿದ್ದೆಲ್ಲ ನಿಜ, ಇವಾಸೆ ಸಾನ್. ಮೊದಲನೇ ಕಾರ್ಡಿಂದಾನೂ ನಿಜ."

ಫುಸಾ ಸೆರಗಿಲ್ಲದ ಕೆಲಸದ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು, ಮುಚ್ಚಳ ತೆಗೆದು, ಮೊದಲನೆಯ ಬಿಲ್ಲೆಯನ್ನು ಅವನ ಕೈಗೆ ಕೊಟ್ಟಳು.